ಫಲಕದ ಹಿಂದಿನ ಗೋಡೆ

ಬಾಡ ಊರಿನ ಯೋಗೇಶನದು ಗೋಡೆಯೊಳಗೆ ಇಣುಕುವ ಕೆಲಸ. ಹೊನ್ನಾವರದ ಹೊರಗೆ ಒಂದು ಬಾಟಲಿ ಕಾರ್ಖಾನೆ. ಅಲ್ಲಿನ ಕುಲುಮೆಯಲ್ಲಿ ಗಾಜು ಹಗಲಿರುಳು ಪಾಯಸದಂತೆ ಕುದಿಯುತ್ತ ಸುತ್ತಲಿನ ಇಟ್ಟಿಗೆ ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಎಷ್ಟು ತಿಂದಿದೆ ಎಂದು ನೋಡಲು ಬೆಂಕಿ ಆರಿಸುವಂತಿಲ್ಲ. ಯೋಗೇಶ ಹೊರಗಿನಿಂದ ರಾಡಾರ್ ಪೆಟ್ಟಿಗೆ ಹಿಡಿದರೆ ಅದರ ಅಲೆ ಇಟ್ಟಿಗೆ ದಾಟಿ, ಗಾಜಿಗೆ ತಾಗಿ ಮರಳಿ, ಉಳಿದ ದಪ್ಪ ಹೇಳುತ್ತದೆ. ಜನ ಅವನನ್ನು 'ಗೋಡೆ ಡಾಕ್ಟ್ರು' ಎನ್ನುತ್ತಿದ್ದರು. ಅವನೂ ಬೇಡವೆನ್ನಲಿಲ್ಲ, ಮದುವೆ ಊಟಕ್ಕೂ ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡೇ ಹೋಗುತ್ತಿದ್ದ.

ನಮ್ಮ ಕಡೆ ದೇವಸ್ಥಾನಕ್ಕೆ ಟ್ಯೂಬ್‌ಲೈಟು ಕೊಟ್ಟವರ ಹೆಸರು ಬೆಳಕನ್ನೇ ಮುಚ್ಚುವಷ್ಟು ದೊಡ್ಡದಿರುತ್ತದೆ. ಕಾರ್ಖಾನೆಯ ಒಡೆಯ ಸಾವ್ಕಾರ ಭಾಸ್ಕರರು ಕುಲುಮೆಯ ಗೋಡೆಗೇ ಸ್ಟೀಲ್ ಫಲಕ ಬಿಗಿಸಿ, ತೀರಿಹೋದ ಅಪ್ಪನ ಹೆಸರನ್ನೂ ಅವರು ಅಲಂಕರಿಸಿದ ಹುದ್ದೆಗಳನ್ನೂ ಕೆತ್ತಿಸಿದ್ದರು. ಹುದ್ದೆ ಜಾಸ್ತಿಯಿದ್ದುದರಿಂದ ಫಲಕ ಬಾಗಿಲಿನಷ್ಟಾಗಿತ್ತು.

ರಾಡಾರ್ ಅಲೆ ಲೋಹ ದಾಟುವುದಿಲ್ಲ.

"ಸಾವ್ಕಾರ್ರೇ, ಇದನ್ನ ಒಂದ್ ತಾಸು ಬಿಚ್ಚಬೇಕಾಗಿತ್ತು," ಎಂದ ಯೋಗೇಶ.

"ಎಂತಕ್ಕೆ? ಅಪ್ಪ ಬದುಕಿದ್ದಾಗ್ಲೇ ಅವ್ರನ್ನ ಯಾರಿಗೂ ಕೆಳಗಿಳಿಸೂಕೆ ಆಗಲಿಲ್ಲ."

"ಹಿಂದೆ ಎಷ್ಟು ಸವದದೆ ಅಂತ ಕಾಣ್ತಿಲ್ಲ."

"ಆಚೀಚೆ ಎಷ್ಟದೆ?"

"ಐದಾರು ಇಂಚು."

"ಹಂಗಾರೆ ನಡುವೆಯೂ ಅಷ್ಟೇ. ಬರಿ. ಆತು."

ಫಲಕದ ಎದುರೇ ಪಕ್ಕದೂರು ಕಾಸರಕೋಡಿನ ಸೋಮನ ಜಾಗ. ಗೋಡೆ ತಣಿಯಲೆಂದು ಗಾಳಿ ಹೊಡೆಯುವ ಫ್ಯಾನು ನೋಡಿಕೊಳ್ಳುವವ. "ಡಾಕ್ಟ್ರೇ, ರೋಗಿ ಎಷ್ಟು ದಿನ ಬದುಕ್ತದೆ?" ಎಂದು ಪ್ರತಿ ಸಲ ಕೇಳುತ್ತಿದ್ದ. ಅಂದೂ ಕೇಳಿದ. ಯೋಗೇಶ ಅಳತೆ ಕಾಗದದ ಖಾಲಿ ಚೌಕದಲ್ಲಿ ಐದೂವರೆ ಎಂದು ಬರೆದು, ಸಹಿ ಹಾಕಿ, "ನಿನ್ಗಿಂತ ಗಟ್ಟಿ ಅದೆ, ಮಾರಾಯ," ಅಂದ.

ಹನ್ನೊಂದನೇ ದಿನ, ಬೆಳಗಿನ ಚಾ ಹೊತ್ತಿಗೆ, ಫಲಕದ ನಡುವೆ ಕೆಂಪೇರಿತು. ಸೋಮ ಫ್ಯಾನು ಆ ಕಡೆ ತಿರುಗಿಸಲು ಹತ್ತಿರ ಹೋದ. ಗಾಜು ಹೊರಗೆ ನುಗ್ಗಿತು. ದೊಡ್ಡಾಸ್ಪತ್ರೆ ಇರುವುದು ನಮ್ಮ ಜಿಲ್ಲೆಯಾಚೆ. ಸೋಮನ ಜೀವ ಭಟ್ಕಳ ದಾಟಲಿಲ್ಲ.

ತನಿಖೆಯವರು ಬಂದರು. ಕಾಗದದಲ್ಲಿ ಐದೂವರೆ ಇಂಚು ಇತ್ತು. ಅಷ್ಟು ದಪ್ಪದ ಗೋಡೆಯೂ ಒಡೆದರೆ ಮನುಷ್ಯರು ಏನು ಮಾಡಲಾದೀತು ಎಂದು ಸಭ್ಯ ಭಾಷೆಯಲ್ಲಿ ಬರೆದು ಹೋದರು.

ಎಂಟು ತಿಂಗಳಿಗೆ ಹೊಸ ಗೋಡೆ ಎದ್ದಿತು. ಅದೇ ಜಾಗಕ್ಕೆ ಹೊಸ ಫಲಕ: 'ಶ್ರಮಜೀವಿ ಸೋಮನ ಸ್ಮರಣಾರ್ಥ'. ಕೆಳಗೆ ಅದರ ಎರಡರಷ್ಟು ದೊಡ್ಡ ಅಕ್ಷರದಲ್ಲಿ ಸಾವ್ಕಾರರ ಹೆಸರು. ಎದುರು ಫ್ಯಾನಿನ ಬಳಿ ಈಗ ನಿತೇಶನೆಂಬವ ನಿಂತಿದ್ದ.

ಯೋಗೇಶ ರಾಡಾರ್ ಕೆಳಗಿಟ್ಟು ಸ್ಪ್ಯಾನರ್ ತೆಗೆದ.

"ಸತ್ತವನ ಹೆಸ್ರು ಕೀಳೂಕೆ ಮನಸ್ಸಾದ್ರೂ ಹೆಂಗೆ ಬರ್ತದೆ ನಿನ್ಗೆ?" ಎಂದರು ಸಾವ್ಕಾರರು.

ಯೋಗೇಶ ನಾಲ್ಕೂ ಬೋಲ್ಟು ಬಿಚ್ಚಿದ, ಅಳತೆ ತೆಗೆದ, ಬರೆದ. ಮಧ್ಯಾಹ್ನ ಫಲಕವನ್ನು ರಿಕ್ಷಾದಲ್ಲಿ ಹಾಕಿಕೊಂಡು ಸೋಮನ ಹೆಂಡತಿ ನಾಗಿಯ ಮನೆಗೆ ಒಯ್ದ.

ನಾಗಿ ಅದನ್ನು ಓದಿಸಿ ಕೇಳಿದಳು. ಆಮೇಲೆ ಹೇಳಿದಳು: "ಗೋಡೆ ಗಟ್ಟಿ ಅದೆ ಅಂದ್ರು ಡಾಕ್ಟ್ರು, ಅಂತ ನಮ್ಮನೆಯವ್ರು ಆ ದಿನ ಮನೆಗೆ ಬಂದು ಹೇಳಿದ್ರು. ನೀವೇ ಅಲ್ದಾ ಡಾಕ್ಟ್ರು?"

"ನಾನೇ."

ಅವಳು ಫಲಕವನ್ನು ಅಂಗಳಕ್ಕೆ ಎಳೆದೊಯ್ದು, ಹೆಸರಿನ ಮುಖ ಮಣ್ಣಿಗೆ ಮಾಡಿ, ಅದರ ಮೇಲೆ ಒಣಗಲು ಮೀನು ಹರವತೊಡಗಿದಳು. ಕೂತುಕೊಳ್ಳಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.