ಮುಂದೆ ಬಿಳಿ, ಹಿಂದೆ ಕೆಂಪು

ನಿನ್ನೆ ಸಂಜೆ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಅವ್ವನ ಕಾರಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಯಾರೋ ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಡ್‌ಲೈಟಿಗೂ ಬಳಿದು, ಲೈಟು ಹಾಕಿದರು. ಬಿಸಿ ಗಾಜಿನ ಮೇಲೆ ಕುಂಕುಮ ಕಾದರೆ ಒಂದು ಮಂದವಾದ ವಾಸನೆ ಏಳುತ್ತದೆ. ನೀವು ಮೂಸಿದ್ದೀರೋ ಇಲ್ಲವೋ. ನನ್ನನ್ನಂತೂ ಅದು ಹೋದ ಚಳಿಗಾಲದ ಒಂದು ಮಂಜಿನ ಬೆಳಗಿಗೆ ಎತ್ತಿಕೊಂಡು ಹೋಯಿತು.

ಅಪ್ಪ ತೀರಿದ ಮೇಲೆ ಅವ್ವ ಬಸವಕಲ್ಯಾಣದ ನಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹುಮನಾಬಾದಿನ ಖಾನಾವಳಿಗಳಿಗೆ ಕೊಡತೊಡಗಿದ್ದಳು. ಅಪ್ಪನ ಹಳೆಯ ಕಾರಿನಲ್ಲಿ ರೊಟ್ಟಿ ಒಯ್ಯುತ್ತಿದ್ದ ಡ್ರೈವರ್ ಒಂದು ದಿನ ಸೋಲಾಪುರಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟ. ನನಗೆ ಕಾಲೇಜು. ಖಾನಾವಳಿಯವರು ಇನ್ನೊಂದು ವಾರ ನೋಡಿ ಬೇರೆಯವರನ್ನು ಹಿಡಿಯುತ್ತೇವೆ ಎಂದರು. ಡ್ರೈವರನ ಪಕ್ಕ ಕೂತು ಗಾಡಿ ಕಲಿತು ಕಲಿಕೆಯ ಲೈಸೆನ್ಸನ್ನಷ್ಟೇ ಮಾಡಿಸಿಕೊಂಡಿದ್ದ ಅವ್ವ ಆ ವಾರದಲ್ಲೇ ಪಕ್ಕಾ ಲೈಸೆನ್ಸ್ ಪಡೆಯಬೇಕಿತ್ತು, ಇಲ್ಲವೇ ಒಲೆ ಆರಿಸಬೇಕಿತ್ತು.

ಪರೀಕ್ಷೆಗೆ ಬರುವ ಗಾಡಿಯ ಎಲ್ಲ ದೀಪ ಸರಿಯಿರಬೇಕೆಂದು ತಿಳಿದಾಗ ನಾನು ಅಡುಗೆಮನೆಯಲ್ಲೇ ವೇದಿಕೆ ಹತ್ತಿದೆ. ಪರೀಕ್ಷೆ ನಡೆಯುವುದು ಹಗಲಿನಲ್ಲಿ, ಹಗಲಿಗೆ ದೀಪವೇಕೆ, ಇದು ತರ್ಕವೇ ಎಂದೆ. ಅವ್ವ ಹಿಟ್ಟು ನಾದುತ್ತಲೇ, "ಸಂಜಿ ರೊಟ್ಟಿ ನಿನ್ನ ತರ್ಕ ಒಯ್ತದೇನ?" ಎಂದಳು.

ಇನ್ನು ಕುಂಕುಮದ ಕಥೆ. ಅಪ್ಪ ಹೋದ ದಿನ ಬಳಗದ ಹೆಂಗಸರು ಅವ್ವನ ಹಣೆಯ ಕುಂಕುಮ ಅಳಿಸಿದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಅಂದು ಒಬ್ಬೊಬ್ಬರ ಬಾಯನ್ನೂ ಮುಚ್ಚಿಸಿದೆ. ಎಲ್ಲ ವಾದಗಳನ್ನೂ ಗೆದ್ದೆ, ಕುಂಕುಮ ಮಾತ್ರ ಉಳಿಯಲಿಲ್ಲ. ಮತ್ತೆ ಹಚ್ಚಿಕೋ ಎಂದು ಆಮೇಲೆ ಎಷ್ಟು ಗಂಟುಬಿದ್ದರೂ ಅವ್ವ ಬೇಡವೆನ್ನುವಳು. ಆದರೆ ತವೆಗೆ ಹಚ್ಚುವಳು, ಹೊಸ್ತಿಲಿಗೆ, ಹಿಟ್ಟಿನ ಡಬ್ಬಿಗೆ, ಗ್ಯಾಸ್ ಸಿಲಿಂಡರಿಗೆ ಹಚ್ಚುವಳು. ನಮ್ಮ ಮನೆಯ ಸಾಮಾನುಗಳೆಲ್ಲ ಮುತ್ತೈದೆಯರಾದವು.

ಹೀಗಾಗಿ ಪರೀಕ್ಷೆಯ ದಿನ ಕಾರಿನ ಎರಡೂ ಹೆಡ್‌ಲೈಟುಗಳಿಗೆ ಅವ್ವ ಕೈತುಂಬ ಬಳಿದದ್ದು ನನಗೆ ವಿಶೇಷವೆನಿಸಲಿಲ್ಲ. ಪರೀಕ್ಷೆಯ ಮೈದಾನದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸಾಲಿನಲ್ಲಿದ್ದ ಗಾಡಿಗಳು ನೀರಿನಡಿಯ ಎಮ್ಮೆಗಳಂತೆ ಕಾಣುತ್ತಿದ್ದವು. ಅವ್ವ ಲೈಟು ಹಾಕಿದಳು. ಮಂಜಿನೊಳಗೆ ಎರಡು ದಾಸವಾಳ ಅರಳಿದಂತಾಯಿತು. ನಂಬಿಕೆಯಿಲ್ಲದ ನಾನೂ ಒಂದು ಗಳಿಗೆ ಪರೀಕ್ಷೆ ಮರೆತೆ.

ಪರೀಕ್ಷೆ ಮಾಡುವ ಸಾಹೇಬರು ಮರೆಯಲಿಲ್ಲ. ಹತ್ತಿರ ಬಂದು ಗಾಜನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅಕ್ಕಾರ, ದೇವ್ರಿಗೆ ನಂದೇನ ತಕರಾರಿಲ್ರಿ. ಖರೆ, ಕೆಂಪು ಹಿಂದ ಇರೂದು. ಮುಂದ ಕೆಂಪು ಕಂಡ್ರ ಎದುರಿನವ ಏನ ತಿಳೀತಾನ? ನೀವು ಹೊಂಟೀರಿ ಅಂತ ತಿಳೀತಾನ. ನೀವು ಬರಾಕತ್ತೀರಿ. ಕುಂಕುಮ ಅಳಸ್ರಿ."

ಪಾಪ, ಅವರಿಗೇನು ಗೊತ್ತು. ಅವ್ವನ ಕೈ ಸ್ಟೀರಿಂಗಿನ ಮೇಲೆ ಹಾಗೇ ನಿಂತಿತು. ಅಳಿಸದಿದ್ದರೆ ಇನ್ನೊಂದು ದಿನ ಬನ್ನಿ ಎಂದರು ಸಾಹೇಬರು. ಆ ಇನ್ನೊಂದು ದಿನ ನಮ್ಮ ಬಳಿ ಇರಲಿಲ್ಲ. ನಾನು ಇಳಿದು ವಾದ ಶುರು ಮಾಡಿದೆ. ನಗಬೇಡಿ, ಜನ್ಮವಿಡೀ ಮೂಢನಂಬಿಕೆಯ ಮೇಲೆ ಬೆಂಕಿಯುಗುಳಿದ ನಾನು ಅಂದು ಕುಂಕುಮದ ಪರವಾಗಿ ನಿಂತಿದ್ದೆ. ಕಾನೂನಿನ ಮಾತಾಯಿತು, ಮಂಜಿನ ಮಾತಾಯಿತು. ಮೂರನೆಯ ಅಂಶಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಇಳಿದು ಬಂದಳು.

"ನೀ ಸುಮ್ನಿರವಾ. ಸಾಹೇಬ್ರು ಬರೋಬರಿ ಹೇಳಾಕತ್ತಾರ."

ನಾನು ಒರೆಸುತ್ತೇನೆಂದು ಮುಂದಾದೆ. ಅವ್ವ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ಆವತ್ತ ಮಂದಿ ಅಳಿಸಿದ್ರು. ಇದು ನನ್ನ ಗಾಡಿ, ನಾನ ಅಳಸ್ತೀನಿ."

ಸೆರಗಿನ ತುದಿಯಿಂದ ಒಂದು ದೀಪ, ಆಮೇಲೆ ಇನ್ನೊಂದು. ರೊಟ್ಟಿ ತಟ್ಟುವ ಅಂಗೈ ಗಾಜಿನ ಮೇಲೆ ದುಂಡಗೆ ತಿರುಗುತ್ತಿತ್ತು, ಅವಸರವಿಲ್ಲದೆ. ಕೆಂಪು ತೆಳುವಾಗುತ್ತ ಹೋಗಿ ಒಳಗಿನಿಂದ ಬಿಳಿ ಬೆಳಕು ಮಂಜಿಗೆ ಸುರಿಯಿತು. ಕೆಂಪಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವ್ವ ಹತ್ತಿ ಕೂತಳು, ಸಾಹೇಬರು ಪಕ್ಕದಲ್ಲಿ ಕೂತರು, ಕಾರು ಮಂಜಿನೊಳಗೆ ಕರಗಿತು. ನಾನು ಮೈದಾನದ ಅಂಚಿಗೆ ಸರಿದು ಎಂಜಿನ್ ಸದ್ದಿಗೆ ಕಿವಿಗೊಟ್ಟೆ. ಕೊನೆಗೆ ಮಂಜಿನಲ್ಲಿ ಎರಡು ಬಿಳಿ ಚುಕ್ಕೆಗಳು ಮೂಡಿ ದೊಡ್ಡವಾಗುತ್ತ ಬಂದವು. ಸಾಹೇಬರು ಇಳಿಯುತ್ತ, ಗೇರು ಹಾಕುವಾಗ ಜರಾ ನಾಜೂಕಿರಲಿ ಎಂದಷ್ಟೇ ಹೇಳಿ, ಪಾಸು ಮಾಡಿದರು.

ಅವ್ವ ಇಂದಿಗೂ ಹಣೆಗೆ ಹಚ್ಚಿಕೊಂಡಿಲ್ಲ. ಹಚ್ಚಿಕೋ ಎಂದು ನಾನೂ ಈಗ ಗಂಟುಬೀಳುವುದಿಲ್ಲ. ಅವಳ ಪರವಾಗಿ ಇಷ್ಟು ವರ್ಷ ವಾದಿಸಿದೆನಲ್ಲ, ವಕಾಲತ್ತು ಕೊಟ್ಟವರಾರು?

ನಿನ್ನೆ ಇದನ್ನೆಲ್ಲ ನೆನೆಯುತ್ತ ನಿಂತಿದ್ದಾಗಲೇ ಕಬ್ಬಿನ ಗಾಡಿಗಳ ಸಾಲಿನ ಹಿಂದಿನಿಂದ ಅವ್ವನ ಕಾರು ಬಂತು. ಖಾನಾವಳಿಗೆ ರೊಟ್ಟಿ ಇಳಿಸಿಯಾಗಿತ್ತು. ಊರಿಗೆ ಹೊರಡುವುದಷ್ಟೇ ಬಾಕಿ. ಹತ್ತಲು ಹೋದವಳನ್ನು ಅವ್ವ ತಡೆದಳು. ಬ್ರೇಕ್ ಲೈಟಿನ ಮೇಲೆ ಅವಳಿಗೆ ಅನುಮಾನ.

"ಹಿಂದ ನಿಂತು ನೋಡು. ಉರಿಯಾಕತ್ತಾವೇನ?"

ನಾನು ಕಾರಿನ ಹಿಂದೆ ಹೋಗಿ ನಿಂತೆ. ಕೂತವರಿಗೆ ಆ ದೀಪ ಕಾಣುವುದಿಲ್ಲ. ಅವ್ವ ಬ್ರೇಕ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ನನ್ನ ಅಂಗೈಗಳ ಮೇಲೆ ಕೆಂಪು ಬಂತು, ಹೋಯಿತು, ಮತ್ತೆ ಬಂತು.

"ಹೂಂ, ಎರಡೂ ಉರಿಯಾಕತ್ತಾವ," ಎಂದೆ. ಬೇರೆ ಏನೂ ಸೇರಿಸಲಿಲ್ಲ.