ಮುಂದೊಂದು ಕುರಿ ಇದ್ದರೆ

ನಾನು ಬಸುರಿ ಅಂತ ಗೊತ್ತಾದ ಕೂಡಲೇ ನಮ್ಮತ್ತೆ ಮಾಡಿದ ಮೊದಲ ಕೆಲಸ, ನನ್ನ ಓಡುವ ಶೂಗಳನ್ನು ಅಟ್ಟಕ್ಕೆ ಹಾಕಿದ್ದು. ಅಟ್ಟ ಹತ್ತಿ ಇಳಿಯುವಾಗ ಅವರಿಗೇ ಸೊಂಟ ಹಿಡಿದುಕೊಂಡಿತು. ಎಣ್ಣೆ ತಿಕ್ಕಿದವಳು ನಾನೇ. ತಿಕ್ಕುತ್ತಲೇ ಡಾಕ್ಟರಮ್ಮ ಹೇಳಿದ್ದನ್ನು ಒಪ್ಪಿಸಿದೆ: ಮೊದಲಿನಿಂದ ರೂಢಿ ಇದ್ದವರು ನಿಧಾನಕ್ಕೆ ಓಡಬಹುದು, ಓಡುತ್ತಾ ಮಾತಾಡಲು ಆಗಬೇಕು, ನೋವೋ ತಲೆಸುತ್ತೋ ಕಂಡರೆ ನಿಲ್ಲಿಸಿ ಅವರ ಹತ್ತಿರ ಹೋಗಬೇಕು.

"ಡಾಕ್ಟರಮ್ಮ ನಮ್ಮ ಓಣ್ಯಾಗ ಇರ್ತಾಳೇನ?" ಅಂದರು ಅತ್ತೆ, ಬೋರಲು ಮಲಗಿಕೊಂಡೇ. "ಹೊಟ್ಟಿ ಮುಂದ ಮಾಡ್ಕೊಂಡು ನಿಮ್ಮ ಸೊಸಿ ಯಾಕ ಓಡ್ತಾಳ್ರಿ ಅಂತ ಮಂದಿ ನನ್ನ ಕೇಳ್ತಾರ. ನಾ ಏನ್ ಹೇಳ್ಲಿ?"

ರಾಯದುರ್ಗದ ಮಂದಿಗೆ ಬೇರೆ ಕೆಲಸವಿಲ್ಲ ಅಂತಲ್ಲ. ಅರ್ಧ ಊರು ಜೀನ್ಸ್ ಪ್ಯಾಂಟು ಹೊಲಿಯುತ್ತದೆ. ಆದರೆ ಹೊಲಿಯುವವರ ಕಣ್ಣು ಬಟ್ಟೆ ಮೇಲಿದ್ದರೂ ಕಿವಿ ಬೀದಿಯಲ್ಲಿರುತ್ತದೆ. ನನ್ನ ಗಂಡನೂ ಅಂಥದೇ ಒಂದು ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು. ಬೆಟ್ಟದ ಬುಡದ ರಸ್ತೆಯಲ್ಲಿ ನಾನು ಬೆಳಗಾಗೆದ್ದು ಓಡುವುದು ಅವರಿಗೆ ಹೆಮ್ಮೆಯ ಸಂಗತಿಯೇ. ಆದರೆ ತಮ್ಮ ಅಮ್ಮನ ಮುಂದೆ ಬಾಯಿ ತೆರೆಯುವ ಧೈರ್ಯ ಮಾತ್ರ ಇಲ್ಲ.

ನನಗೆ ಹೊಟ್ಟೆಯೊಳಗಿನ ಮಗುವಿನ ಬಗ್ಗೆ ಭಯವಿರಲಿಲ್ಲ. ಭಯ ಇದ್ದದ್ದು ಬೇರೆಯದರ ಬಗ್ಗೆ. ಶಾಲೆಯ ಮೈದಾನದಲ್ಲಿ ನನ್ನ ಜೊತೆ ಓಡುತ್ತಿದ್ದ ಹುಡುಗಿಯರೆಲ್ಲ "ಮಗು ಆಗ್ಲಿ, ಆಮೇಲೆ ಮತ್ತೆ ಶುರು ಮಾಡ್ತೀನಿ" ಅಂದವರೇ. ಒಬ್ಬಳೂ ಮತ್ತೆ ಓಡಲಿಲ್ಲ. ಈಗ ಬಸ್ಸು ಹಿಡಿಯಲಿಕ್ಕೂ ಅವರು ಓಡುವುದಿಲ್ಲ, ಮುಂದಿನ ಬಸ್ಸಿಗೆ ಕಾಯುತ್ತಾರೆ. ಒಮ್ಮೆ ನಿಂತರೆ ನಾನೂ ನಿಂತೇ ಹೋಗುತ್ತೇನೆ ಅನ್ನುವುದು ನನಗೆ ಸೂರ್ಯನಷ್ಟು ಸ್ಪಷ್ಟವಾಗಿತ್ತು.

ಬಸುರಿಯ ಬಯಕೆಗೆ ಇಲ್ಲ ಅನ್ನಬಾರದಂತೆ. ಹುಣಸೆಕಾಯಿ ಬೇಕೇ, ಮಿರ್ಚಿ ಮಂಡಕ್ಕಿ ಬೇಕೇ ಎಂದು ಬಂದವರೆಲ್ಲ ಕೇಳಿದರು. "ಬೆಳಗಾಗೆದ್ದು ಓಡಬೇಕು ಅಂತ ಬಯಕೆ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಮಂಡಕ್ಕಿ ತಂದುಕೊಟ್ಟರು. ಅದನ್ನೂ ಬಿಡಲಿಲ್ಲ ನಾನು.

ಐದು ತಿಂಗಳು ತುಂಬುತ್ತಿದ್ದ ಹಾಗೆ ಅತ್ತೆ ನನ್ನನ್ನು ಬೇಗನೇ ತವರಿಗೆ ಕಳಿಸಿದರು. ನಾನು ಇಲ್ಲಿದ್ದರೆ ಅಟ್ಟ ಹತ್ತುತ್ತೇನೆ ಅನ್ನುವ ಗುಮಾನಿ. ಅಟ್ಟ ಹತ್ತಿದವರು ನನ್ನ ಗಂಡ. ಮಡಕಶಿರಾ ಕಡೆಯ ಬಸ್ಸಿನಲ್ಲಿ ಕೂತು ಚೀಲ ತೆರೆದರೆ, ಸೀರೆಗಳ ನಡುವೆ ಶೂ ಇದ್ದವು.

ತವರೆಂದರೆ ಅಮರಾಪುರದ ಹತ್ತಿರದ ಹಳ್ಳಿ. ಒಂದಿಷ್ಟು ಒಣ ಹೊಲ, ಒಂದು ಮಂದೆ ಕುರಿ. ನಮ್ಮಮ್ಮ ನಮ್ಮತ್ತೆಗಿಂತ ಒಂದು ಕೈ ಮೇಲು. ಮಂಚದ ಮೇಲೆ ಕೂರಿಸಿ "ಕಾಲು ಕೆಳೀಕಿಟ್ರೆ ನೋಡು ಮತ್ತೆ" ಅಂದಳು. ಬಾಣಲೆಯಿಂದ ಬೆಂಕಿಗೆ ಬಿದ್ದೆ ಅಂದುಕೊಂಡೆ.

ನನ್ನನ್ನು ಕಾಪಾಡಿದ್ದು ಒಂದು ಕುರಿ. ಹುಟ್ಟಿದಾಗಲೇ ತಾಯಿ ಸತ್ತು, ಸೀಸೆಯಲ್ಲಿ ಹಾಲು ಕುಡಿದು ಬೆಳೆದದ್ದು. ಮುದ್ದಿನಿಂದ ಕೆಟ್ಟ ಹೆಣ್ಣುಕುರಿ. ಮಂದೆಯ ಜೊತೆ ಹೋಗುವುದು ಅದಕ್ಕೆ ಮರ್ಯಾದೆಗೆ ಕಡಿಮೆ, ಅದಕ್ಕೇ ಮನೆ ಮುಂದೆ ಗೂಟಕ್ಕೆ ಕಟ್ಟಿರುತ್ತಿದ್ದರು. ಒಂದು ಬೆಳಿಗ್ಗೆ ಗೂಟ ಕಿತ್ತುಕೊಂಡು ಹೊಲದ ಕಡೆ ಓಡಿತು. ನಾನು ಮಂಚದಿಂದ ಇಳಿದವಳೇ ಅದರ ಹಿಂದೆ ಓಡಿದೆ. ಅರಳಿಕಟ್ಟೆ ದಾಟಿದೆ, ಹಾಲಿನ ಡೈರಿ ದಾಟಿದೆ, ಊರೇ ನೋಡಿತು. ಒಬ್ಬರೂ ಏನೂ ಅನ್ನಲಿಲ್ಲ. ಬೆವರಿಳಿಸಿಕೊಂಡು ಬಂದ ನನ್ನನ್ನು ಅಮ್ಮ ಕೇಳಿದ್ದು ಒಂದೇ ಮಾತು: "ಸಿಕ್ತಾ?"

ಆಗ ಗೊತ್ತಾಯಿತು ನೋಡಿ ಲೋಕದ ಕಾನೂನು. ಮುಂದೆ ಕುರಿ ಇದ್ದರೆ ಓಟ ಕೆಲಸ. ಕುರಿ ಇಲ್ಲದಿದ್ದರೆ ಕೊಬ್ಬು. ಅವರು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುವವಳು. ಮಾರನೇ ದಿನದಿಂದ ಗೂಟ ತನ್ನಷ್ಟಕ್ಕೆ ತಾನೇ ಸಡಿಲವಾಗತೊಡಗಿತು. ಹೊಲದ ತುದಿಯಲ್ಲಿ ಒಂದು ಹಿಡಿ ಕಡಲೆಕಾಯಿ ಬಳ್ಳಿ ಬಚ್ಚಿಟ್ಟು ರುಚಿ ತೋರಿಸಿದೆ. ಕುರಿ ಹೋಗುವಾಗ ಬಳ್ಳಿಯ ಆಸೆಗೆ ಓಡುತ್ತಿತ್ತು, ಬರುವಾಗ ಮನೆಯ ಹಿಂಡಿಯ ಆಸೆಗೆ. ಹಿಂದೆ ನಾನು, ಶೂ ಹಾಕಿಕೊಂಡು. ಶೂ ಯಾಕೆ ಅಂದವರಿಗೆ ಜಾಲಿಮುಳ್ಳು ಅಂದೆ.

ತೊಂದರೆ ಕೊಟ್ಟವರು ಒಳ್ಳೆಯವರು. ಸ್ಕೂಟರ್ ನಿಲ್ಲಿಸಿ "ಗೊರ್ರೆ ತಪ್ಪಿಂಚುಕುಂದಾಮ್ಮಾ? ಉಂಡು, ನೇನು ಪಟ್ಟಿಸ್ತಾ" ಎಂದು ತೆಲುಗಿನಲ್ಲಿ ವಿಚಾರಿಸಿ, ತಪ್ಪಿಸಿಕೊಂಡ ಕುರಿಯನ್ನು ತಾವೇ ಹಿಡಿದುಕೊಟ್ಟುಬಿಡುತ್ತಿದ್ದರು. ಓಟ ಅಲ್ಲಿಗೆ ಮುಗಿಯಿತು! "ಚಾಲಾ ಥ್ಯಾಂಕ್ಸ್ ಅಣ್ಣಾ" ಅನ್ನುತ್ತಾ ಮನಸ್ಸಿನಲ್ಲಿ ಅವರ ವಂಶಕ್ಕೇ ಶಾಪ ಹಾಕುತ್ತಿದ್ದೆ. ಅವರು ಮರೆಯಾಗುವ ತನಕ ಕುರಿಯ ಕಿವಿ ಹಿಡಿದು ನಿಂತು, ಮತ್ತೆ ಬಿಡುತ್ತಿದ್ದೆ.

ಏಳನೇ ತಿಂಗಳಿಗೆ ನನ್ನ ಓಟ ಬಿರುಸು ನಡಿಗೆಗಿಂತ ಸ್ವಲ್ಪವೇ ಮೇಲಿತ್ತು. ಕುರಿ ಆಗಾಗ ನಿಂತು, ಬರುತ್ತಿದ್ದೀನಾ ಅಂತ ತಿರುಗಿ ನೋಡುತ್ತಿತ್ತು. ಸೀಮಂತದ ಹಿಂದಿನ ದಿನ ಹಾಗೇ ಓಡುತ್ತಿರುವಾಗ ಪಕ್ಕದಲ್ಲಿ ಬಸ್ಸೊಂದು ಬಂತು. ಕಿಟಕಿಯಲ್ಲಿ ನಮ್ಮತ್ತೆ. ಸಂಜೆ ಬರಬೇಕಾದವರು ಬೆಳಿಗ್ಗೆಯೇ ಬಂದಿದ್ದರು. ಬಸ್ಸೂ ನಾನೂ ಒಂದಷ್ಟು ದೂರ ಜೊತೆಯಲ್ಲೇ ಹೋದೆವು, ಕಣ್ಣಿಗೆ ಕಣ್ಣು ಕೊಟ್ಟು. ಆಮೇಲೆ "ನಿಲ್ಸ್ರಿ, ನಿಲ್ಸ್ರಿ!" ಅನ್ನುವ ಕೂಗು.

ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ. ಅತ್ತೆ ಬಳೆಯ ಡಬ್ಬಿ ಕೆಳಗಿಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದರು. "ಏನ್ ಗತಿ ಬಂತವ್ವ ನನ್ನ ಕೂಸಿಗೆ" ಅಂದರು. ಕಣ್ಣಲ್ಲಿ ನೀರಿತ್ತು. ನಾನು, ನಾಚಿಕೆಗೇಡಿ, ಮುಖವನ್ನು ಇನ್ನಷ್ಟು ಸಪ್ಪೆ ಮಾಡಿಕೊಂಡೆ.

ಅವರು ಸೀದಾ ಮನೆಗೆ ಹೋದರು. ಹೋಳಿಗೆಗೆ ಹೂರಣ ರುಬ್ಬಲು ಓಣಿಯ ಹೆಂಗಸರೆಲ್ಲ ಸೇರಿದ್ದರು. ಅವರೆಲ್ಲರ ಎದುರು ನಮ್ಮಮ್ಮನಿಗೆ ಅಂದರು: "ಆರಾಮ ಮಾಡ್ಲಿ ಅಂತ ಕಳಿಸಿದ್ರ ಬಸರಿ ಹೆಂಗಸನ್ನ ಕುರಿ ಕಾಯಾಕ ಹಚ್ಚೀರಲ್ರಿ! ನೀವೇನ್ ಹಡದ ತಾಯಿ ಹೌದೋ ಅಲ್ಲೋ?"

ರುಬ್ಬುವ ಕಲ್ಲು ನಿಂತಿತು. ನಮ್ಮ ಕಡೆ ಒಬ್ಬ ತಾಯಿಗೆ ಇದಕ್ಕಿಂತ ದೊಡ್ಡ ಮಾತು ಅನ್ನಲಿಕ್ಕಿಲ್ಲ. ಆ ಕುರಿ ಯಾಕೆ ದಿನಾ ತಪ್ಪಿಸಿಕೊಳ್ಳುತ್ತದೆ ಅನ್ನುವುದು, ಹುಟ್ಟಿದಾಗಿನಿಂದ ಕುರಿ ಕಟ್ಟಿದ ನಮ್ಮಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ನನ್ನ ಕಡೆ ತಿರುಗಿಯೂ ನೋಡದೆ ಅವಳು ಅಂದಳು: "ತೆಪ್ಪಾಯ್ತು ಕಣಮ್ಮ. ಇನ್ಮೇಲೆ ಕಳ್ಸಾಕಿಲ್ಲ."

ಬಾಯಿ ಬಿಟ್ಟರೆ ಬಣ್ಣಗೇಡು. ಸುಮ್ಮನಿದ್ದರೆ ನಾನು ಪಾಪದವಳು, ಅಮ್ಮ ಕಟುಕಿ. ಹೇಳಿದರೆ ಈ ಜನ್ಮಕ್ಕೆ ರಾಯದುರ್ಗದಲ್ಲಿ ನನ್ನ ಓಟ ಮುಗಿದ ಹಾಗೆ. ಅಮ್ಮನ ಕೈಗೆ ಹೂರಣ ಮೆತ್ತಿತ್ತು, ಆ ಕೈಯಲ್ಲೇ ಅವಳು ಮತ್ತೆ ಕಲ್ಲು ತಿರುಗಿಸತೊಡಗಿದಳು.

"ಅಮ್ಮ ಕಳಿಸಲಿಲ್ಲ ಅತ್ತೆ," ಅಂದೆ. "ಕುರಿ ಬಿಚ್ಚಿದವಳು ನಾನೇ. ಓಡಲಿಕ್ಕೆ."

"ಎದಕ್ಕ?"

"ಸುಮ್ನೆ. ನನಗೆ ಓಡೋದು ಇಷ್ಟ. ಓಡಿದ ದಿನ ನಾನು ನಾನಾಗಿರ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಅತ್ತೆ ನನ್ನನ್ನು ನೋಡಿದರು, ಶೂ ನೋಡಿದರು, ಅಮ್ಮನನ್ನು ನೋಡಿದರು. ಅವರ ಮುಖ ಕೆಂಪಾದದ್ದು ಸಿಟ್ಟಿಗೋ ನಾಚಿಕೆಗೋ ತಿಳಿಯಲಿಲ್ಲ. ಕ್ಷಮೆ ಕೇಳುವ ಜಾಯಮಾನ ಅವರದಲ್ಲ. ಕೈ ತೊಳೆದು ಬಂದು ಅಮ್ಮನ ಪಕ್ಕದಲ್ಲಿ ಕೂತು ಹೋಳಿಗೆ ತಟ್ಟತೊಡಗಿದರು. ನನ್ನ ಜೊತೆ ಒಂದು ಮಾತಿಲ್ಲ. ಮಾರನೇ ದಿನ ಬಳೆ ತೊಡಿಸುವಾಗಲೂ ಇಲ್ಲ. ಮುಗಿಯಿತು ಅಂದುಕೊಂಡೆ. ಮಡಿಲು ತುಂಬಿಸಿಕೊಂಡು ಕೂತವಳಿಗೆ ಅಳು ಬಂದಿತ್ತು, ಎಲ್ಲರೂ ಅದನ್ನು ಸಂತೋಷ ಅಂದುಕೊಂಡರು.

ಹೊರಡುವ ಹೊತ್ತಿಗೆ ಅತ್ತೆ ಗೂಟದ ಹತ್ತಿರ ಹೋಗಿ ನಿಂತರು. ಕುರಿಯನ್ನು ಹಿಂದಿನಿಂದ ಮುಂದಿನಿಂದ ನೋಡಿ, ಬಗ್ಗಿ ಕಾಲು ಮುಟ್ಟಿ ನೋಡಿ, ಅಮ್ಮನನ್ನು ಕರೆದರು. "ಇದನ್ನ ನಮಗ ಕೊಡ್ರಿ."

ಅಮ್ಮನ ಮುಖ ಇಳಿದು ಹೋಯಿತು. "ಅಬ್ಬಕ್ಕೇನಮ್ಮಾ?"

"ಕೊಯ್ಯಾಕಲ್ರಿ," ಅಂದರು ಅತ್ತೆ, ನನ್ನ ಕಡೆ ನೋಡದೆ. "ಕೂಸನ್ನ ಕರ್ಕೊಂಡು ಇಕಿ ಊರಿಗೆ ಬರ್ತಾಳಲ್ಲ. ಕೂಸನ್ನ ನಾ ನೋಡ್ಕೊಂತೀನಿ. ಇಕಿ ಮುಂದ ಓಡಾಕ ನಮ್ಮನ್ಯಾಗ ಏನೈತಿ?"