ಕಡಲೆ ಕಾಳು ಹಿಡಿಯುವ ತೂತು

ಆ ನರಿಯ ತೊಗಲಿನಲ್ಲಿದ್ದ ತೂತನ್ನು ಹೊಲಿದು ಸಣ್ಣದು ಮಾಡಿದವಳು ನಾನು. ಮೂರು ಹೊಲಿಗೆ — ಮೂರೇ. ಅಷ್ಟಕ್ಕೆ ನನ್ನ ಅಣ್ಣ ದಸ್ತಗೀರ ಅಪ್ಪನ ಬಂದೂಕು ಕಳೆದುಕೊಂಡ, ಲಾರಿಯ ಸ್ಟೇರಿಂಗ್ ಬಿಟ್ಟ, ತನ್ನ ಕಣ್ಣನ್ನು ತಾನೇ ನಂಬದ ಮನುಷ್ಯನಾದ. ಮೂವತ್ತು ವರ್ಷದ ಮೇಲಾಯಿತು. ಹೋದ ತಿಂಗಳವರೆಗೂ ಈ ಮಾತು ನನ್ನ ಬಾಯಿಂದ ಹೊರಬಿದ್ದಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಡುನಡುವೆ ನನ್ನ ಪರವಾಗಿ ನಾನೇ ವಕೀಲಿ ಮಾಡಿಕೊಳ್ಳುವ ಚಟ ನನಗಿದೆ. ಅಂಥದ್ದು ಕಂಡರೆ ನಂಬಬೇಡಿ.

ನನ್ನ ತವರು ತಾಳಿಕೋಟೆ. ಅಪ್ಪನದು ತೊಗಲಿನ ವ್ಯಾಪಾರ, ಊರ ಹೊರಗೆ ಒಂದಿಷ್ಟು ಹೊಲ. ಸಣ್ಣವಳಿದ್ದಾಗಿನಿಂದ ನನ್ನ ಕೈ ಉಪ್ಪಿನಲ್ಲೇ ಬೆಳೆಯಿತು. ಒಳಮೈಗೆ ಅಂಟಿದ ಕೊಬ್ಬು ಹೆರೆಯುವುದು, ಕೂದಲು ಉದುರದಂತೆ ನೆರಳಿನಲ್ಲಿ ಆರಿಸುವುದು — ಅಪ್ಪ ಎಲ್ಲ ಕಲಿಸಿದ. ಬಂದೂಕು ಮಾತ್ರ ಅಣ್ಣನಿಗೆ. ಬೆಳೆ ಕಾಯಲು ಲೈಸೆನ್ಸ್ ಇದ್ದ, ಹನ್ನೆರಡು ಬೋರಿನ ಒಂಟಿ ನಳಿಗೆಯದು. ನನಗೆ ಹದಿನಾಲ್ಕು ತುಂಬಿದ ವರ್ಷ, ನಾನೂ ಒಮ್ಮೆ ಹೊಡೆಯುತ್ತೇನೆ ಎಂದು ಹಟ ಹಿಡಿದೆ. ಅಣ್ಣ ನಕ್ಕ.

"ನೀ ಉಪ್ಪ ಹಚ್ಚು ಬಾನೂ. ಗುಂಡು ನಮಗಿರ್ಲಿ."

ಪ್ರೀತಿಯಿಂದಲೇ ಅಂದ. ಲಾರಿ ತಗೊಂಡು ಎಲ್ಲಿಗೆ ಹೋದರೂ ನನಗೆ ಬಳೆ ತರದೆ ಬಂದವನಲ್ಲ. ಆದರೂ ಆ ಮಾತು ಕಾಲಿನ ಮುಳ್ಳಿನಂತೆ ಒಳಗೇ ಉಳಿಯಿತು — ತೆಗೆಯಲೂ ಇಲ್ಲ, ಮರೆಯಲೂ ಇಲ್ಲ.

ಮದುವೆಯಾಗಿ ಬಾಗೇವಾಡಿ ಕಡೆಯ ಮಸೂತಿ ಎಂಬ ಹಳ್ಳಿಗೆ ಬಂದೆ. ನಮ್ಮ ಮನೆಯವರು ಒಳ್ಳೆಯವರು, ಸ್ವಲ್ಪ ಹಟಮಾರಿ. ಅಪ್ಪ ತೀರಿ ಬಂದೂಕು ಅಣ್ಣನ ಹೆಸರಿಗೆ ಬಂದ ವರ್ಷವೇ ಇವರೂ ಒಂದು ರೈಫಲ್ ತಂದರು. ಪಾಯಿಂಟ್ ಟೂ ಟೂ, ಜೋಳದ ಕಾಳಿನಷ್ಟು ದಪ್ಪದ ಗುಂಡು. ಅಣ್ಣನಿಗೆ ಅದನ್ನು ಕಂಡರೆ ನಗು. ಬಂದಾಗೊಮ್ಮೆ, "ಗುಬ್ಬಿ ಬಂದೂಕು ಆರಾಮ ಐತೇನ್ರಿ?" ಎಂದು ಕೇಳಿಯೇ ಚಪ್ಪಲಿ ಬಿಡುತ್ತಿದ್ದ.

ಆಗಲೇ ಒಂದು ನರಿ ನನ್ನ ಕೋಳಿಗಳ ಬೆನ್ನು ಹತ್ತಿತು. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಹಿಡಿದ ಕೆಲಸ ಆಗುತ್ತದೆ ಅನ್ನುತ್ತಾರಲ್ಲ, ನಮ್ಮವರ ತಲೆಯಲ್ಲಿ ಅದು ಹೊಕ್ಕಿತು. ಮುಖ ಸಮೇತ ತೊಗಲು ಕೆಡದಂತೆ ಹೊಡೆದು, ಮಂಚದ ಎದುರಿನ ಗೋಡೆಗೆ ತೂಗುಹಾಕಬೇಕು. ದಿನಾ ಅದೃಷ್ಟ. ಅಣ್ಣ ಬಂದಿದ್ದಾಗ ಚಹಾ ಕುಡಿಯುತ್ತ ಈ ಮಾತು ತೆಗೆದರು.

"ನಿಮ್ಮ ಬಂದೂಕಿಂದ ಹೊಡದ್ರ ತೊಗಲು ಜರಡಿ ಆಗತೈತ್ರಿ ದಸ್ತಗೀರಣ್ಣ. ನನ್ನದರಾಗ ಒಂದು ಸಣ್ಣ ತೂತು. ಹುಡುಕಿದ್ರೂ ಸಿಗೂದಿಲ್ಲ."

"ತೂತೂ ಸಿಗೂದಿಲ್ಲ, ನರೀನೂ ಸಿಗೂದಿಲ್ಲ ಅಳಿಯಸಾಬ್ರ," ಅಂದ ಅಣ್ಣ. "ಅಷ್ಟು ದೂರದಿಂದ ಆ ಗುಂಡು ತಗಲಿದ್ರ ಕುಂಟಕೋತ ಹೋಗಿ, ಮುಳ್ಳುಕಂಟ್ಯಾಗ ನಾಕು ದಿನ ನರಳಿ ಸಾಯತೈತಿ. ಅದು ಪಾಪ. ಹೊಡದ್ರ ಅಲ್ಲೇ ಬೀಳಬೇಕು. ನಾ ಸಾಸಿವಿಕಾಳಿನಂಥ ಸಣ್ಣ ಛರ್ರಾ ಹಾಕೂದಿಲ್ಲ. ಕಡ್ಲಿಕಾಳಿನಂಥ ಆರೇಳು ಗುಂಡು ಇರೂ ತೋಟಾ ಹಾಕ್ತೇನಿ. ದೂರದಾಗ ಒಂದು ತಗಲಿದ್ರ ಸಾಕು."

ಮಾತಿಗೆ ಮಾತು ಬೆಳೆದು ಪಂಥವಾಯಿತು. ಇಬ್ಬರೂ ಕೂರುವುದು. ಸೋತವನು ಬಂದೂಕನ್ನು ಠಾಣೆಗೆ ಒಪ್ಪಿಸಿ, ಮತ್ತೆ ಮುಟ್ಟಬಾರದು. ಯಾರದು ತಗುಲಿತು ಎಂದು ಹೇಳುವವರು ಯಾರು? ಅಣ್ಣ ನನ್ನ ಕಡೆ ಕೈ ಮಾಡಿದ.

"ಸುಲಿಯಾಕಿ ಬಾನು ಇದ್ದಾಳಲ್ಲ. ಜ್ವಾಳದ ಕಾಳು ಹಿಡದ್ರ ನಿಮ್ದು, ಕಡ್ಲಿಕಾಳು ಹಿಡದ್ರ ನಂದು. ತೊಗಲು ಸುಳ್ಳು ಹೇಳೂದಿಲ್ಲ."

ನರಿ ಹೊಡೆಯಬಾರದು ಎಂಬ ಕಾನೂನು ಆಗಲೂ ಇತ್ತಂತೆ. ನಾವು ಕೇಳಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಅದೂ ತಪ್ಪೇ.

ಮರುದಿನ ಹೊತ್ತು ಮುಳುಗುವಾಗ ನರಿ ಬಂತು. ಇವರು ಬಾವಿಯ ಕಟ್ಟೆಯಿಂದ, ಅಣ್ಣ ಬದುವಿನಿಂದ — ಎರಡೂ ಸದ್ದು ಒಂದೇ ಆಗಿ ಕೇಳಿತು. ನರಿ ಅಲ್ಲೇ ಬಿತ್ತು. "ನಂದು!" ಎಂದು ಅಣ್ಣ ಕೂಗಿದ್ದು ಅಂಗಳದಲ್ಲಿದ್ದ ನನಗೂ ಕೇಳಿಸಿತು. "ಹೆಗಲ ಹಿಂದ ತಗಲಿದ್ದು ಕಣ್ಣಾರೆ ಕಂಡೇನಿ!" ಇವರೂ ತಮ್ಮದೇ ಅಂದರು. ರಕ್ತ, ಕೆಸರು ಮೆತ್ತಿದ ಮೈಯಲ್ಲಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಬೆಳಿಗ್ಗೆ ಹಿತ್ತಲಿನಲ್ಲಿ ಒಬ್ಬಳೇ ಕೂತು ಸುಲಿದೆ. ಒಂದೇ ತೂತು, ಹೆಗಲ ಹಿಂದೆ, ಅಣ್ಣ ಹೇಳಿದ ಜಾಗದಲ್ಲೇ. ಕಡಲೆ ಕಾಳು ಇಟ್ಟು ನೋಡಿದೆ. ಕೂತಿತು. ಆಚೆ ಮಗ್ಗುಲಿನ ಚರ್ಮದ ಕೆಳಗೆ ಸೀಸದ ಗುಂಡೂ ಸಿಕ್ಕಿತು. ನಮ್ಮವರದು ತಗುಲಿಯೇ ಇರಲಿಲ್ಲ.

ಗಂಡನ ಮರ್ಯಾದೆ ಉಳಿಸಲು ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಸೂಜಿ ಕೈಗೆ ತಗೊಂಡಾಗ ನೆನಪಾದದ್ದು ಗಂಡನ ಮುಖವಲ್ಲ — ಅಣ್ಣನ ಆ ನಗು. ಗುಂಡು ನಿಮಗಿರಲಿ, ಉಪ್ಪು ನನಗೆ. ಸರಿ, ಉಪ್ಪಿನವಳು ಏನು ಮಾಡಬಲ್ಲಳು ನೋಡು... ಒಳಗಿನಿಂದ ಮೂರು ಹೊಲಿಗೆ ಹಾಕಿ ತೂತು ಬಿಗಿದೆ. ಜೋಳದ ಕಾಳು ಮಾತ್ರ ಕೂರುವಷ್ಟು ಬಿಟ್ಟೆ. ಕ್ಷೌರದಂಗಡಿಯಲ್ಲಿ ಗದ್ದಕ್ಕೆ ಉಜ್ಜುತ್ತಾರಲ್ಲ, ಆ ಪಟಿಕ, ಉಪ್ಪು, ಹಿಟ್ಟು ಕಲಸಿ ಒಳಮೈಗೆ ದಪ್ಪಗೆ ಮೆತ್ತಿದೆ. ತೊಗಲು ಕೆಡದಂತೆ ಯಾವಾಗಲೂ ಹಚ್ಚುವುದೇ ಅದು. ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ಸೀಸದ ಗುಂಡನ್ನು ಬಾವಿಗೆ ಹಾಕಿದೆ.

ಮಧ್ಯಾಹ್ನ ಅಂಗಳದಲ್ಲಿ ನೆರೆಯವರೆಲ್ಲ ಸೇರಿದರು. ಅಣ್ಣ ಜೇಬಿನಿಂದ ಕಡಲೆ ಕಾಳು ತೆಗೆದು, ಕೂದಲು ಸರಿಸಿ ಇಟ್ಟ. ಉರುಳಿತು. ಮತ್ತೆ ಇಟ್ಟ, ಮತ್ತೆ ಉರುಳಿತು. ಜೋಳದ ಕಾಳು ಕೂತಿತು. ಜನ ಹೋ ಎಂದರು. ಅಣ್ಣ ನನ್ನನ್ನು ನೋಡಿದ.

"ಬಾನೂ, ನೀ ಸರಿಯಾಗಿ ನೋಡೀದಿ?"

"ಹೂಂ ಅಣ್ಣಾ. ಒಂದ ತೂತು. ಇಷ್ಟೇ ಇತ್ತು."

ಜಗಳ ಮಾಡುತ್ತಾನೆ, ಇಲ್ಲವೇ ನಕ್ಕು ಬಿಡುತ್ತಾನೆ ಅಂದುಕೊಂಡಿದ್ದೆ. ಅವನು ಬಾಗಿ ಆ ಕಾಳನ್ನು ಆರಿಸಿಕೊಂಡು ಜೇಬಿಗಿಟ್ಟು ಹೊರಟ. ವಾರದೊಳಗೆ ಬಂದೂಕು ಠಾಣೆಗೆ ಹೋಯಿತು.

ತಿಂಗಳ ಮೇಲೆ ಅವನು ಲಾರಿ ಬಿಟ್ಟ ಸುದ್ದಿ ಬಂತು. ತಾಳಿಕೋಟೆಗೆ ಓಡಿದೆ. ಇಬ್ಬರು ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಅಂದಿದ್ದರಂತೆ. ಅವನು ನಂಬಲಿಲ್ಲ.

"ತಗಲಿದ್ದು ನನಗ ಕಂಡಿತ್ತು ಬಾನೂ," ಅಂದ. "ಕಂಡದ್ದು ಸುಳ್ಳಾದ್ರ, ಈ ಕಣ್ಣು ನಂಬಿ ಸ್ಟೇರಿಂಗ್ ಹೆಂಗ ಹಿಡೀಲಿ? ಎದುರಿಗೆ ಮಂದಿ ಮಕ್ಕಳು ಬರ್ತಾರ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ — ಹೇಳಲಿಲ್ಲ. ಮೊದಲಿನದು ಸಿಟ್ಟಿನ ಕೈ ಮಾಡಿದ್ದು. ಈ ಎರಡನೆಯದನ್ನು ತಿಳಿದೂ ತಿಳಿದು ಮಾಡಿದೆ. ಇದೇ ದೊಡ್ಡ ತಪ್ಪು.

ಮುಂದೆ ಅಣ್ಣ ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುವ ಕೆಲಸ ಹಿಡಿದ. ನನ್ನನ್ನು ಬಸ್ಸಿಗೆ ಬಿಡಲು ಬಂದರೆ, ಅಕ್ಷರ ಬಲ್ಲವನು, ಪಕ್ಕದವರನ್ನು ಕೇಳುತ್ತಿದ್ದ: "ಬೋರ್ಡಿನಾಗ ಏನೈತಿ ನೋಡ್ರಿ." ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಬಸ್ಸು ಹತ್ತಿ ಬರುತ್ತಿದ್ದೆ. ಮನೆಗೆ ಬಂದರೆ ಗೋಡೆಯ ಮೇಲೆ ಆ ನರಿ. ನರಿ ಮುಖ ನೋಡಿ ಎದ್ದವರಿಗೆ ಅದೃಷ್ಟವಂತೆ. ನನ್ನಷ್ಟು ನೋಡಿ ಎದ್ದವರು ಈ ಸೀಮೆಯಲ್ಲಿ ಯಾರೂ ಇರಲಿಕ್ಕಿಲ್ಲ.

ಹೋದ ತಿಂಗಳು ಇಂಡಿ ಪಟ್ಟಣದಿಂದ ನಮ್ಮ ಅಳಿಯ, ಮಗಳ ಗಂಡ, ಬಂದಿದ್ದ. ವಕೀಲ. ಗೋಡೆ ನೋಡಿ ಗಾಬರಿಯಾದ.

"ಇದನ್ನ ಮನ್ಯಾಗ ಇಡಂಗಿಲ್ರಿ ಅತ್ತಿ, ಅಪರಾಧ ಆಗತೈತಿ. ಅರಣ್ಯ ಇಲಾಖೆಗೆ ಒಪ್ಪಿಸಿ ಬಿಡ್ರಿ."

ಇವರು ತೊಗಲು ಇಳಿಸಿ ಮಂಚದ ಮೇಲೆ ಬೋರಲು ಹಾಕಿದರು. ಒಣಗಿ ಉದುರಿದ ಪಟಿಕದ ನಡುವೆ ನನ್ನ ಮೂರು ಹೊಲಿಗೆ ಎದ್ದು ಕಂಡವು. ದಾರ ಇನ್ನೂ ಗಟ್ಟಿ. ಇದೊಂದು ಹೋಗಿಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ — ಹಾಗೆಂದು ಒಂದು ಗಳಿಗೆ ಸಮಾಧಾನವಾಯಿತು. ನಿಜ ಹೇಳುತ್ತೇನೆ, ಆಯಿತು. ಆ ಸಮಾಧಾನಕ್ಕೇ ನಾನು ಹೆದರಿದೆ. ಅಳಿಯ ಹೋದ ಮೇಲೆ ಇವರನ್ನು ಕೂರಿಸಿ ಎಲ್ಲ ಹೇಳಿದೆ.

"ಹಂಗಂದ್ರ ನಾ ಹೊಡೀಲಿಲ್ಲ?" ಅಂದರು, ಸಣ್ಣ ಹುಡುಗನ ಹಾಗೆ. "ಇಷ್ಟು ವರ್ಷ ಮದವ್ಯಾಗ, ಮುಂಜ್ಯಾಗ, ಎಲ್ಲಾ ಕಡೆ ಹೇಳಕೋತ ಬಂದೇನಲ್ಲ..." ತೊಗಲನ್ನು ಮಡಚಿ ಚೀಲಕ್ಕೆ ಹಾಕಿದರು. "ನಾಳೆ ತಾಳಿಕೋಟಿಗಿ ಹೋಗೂಣು. ನಾನೂ ಬರ್ತೇನಿ. ಹೇಳೂದು ಮಾತ್ರ ನೀ ಹೇಳಬೇಕು."

ಅಣ್ಣನಿಗೆ ಈಗ ಎಪ್ಪತ್ತರ ಹತ್ತಿರ. ಅವನ ಮುಂದೆ ತೊಗಲು ಹಾಸಿ, ಬ್ಲೇಡಿನಿಂದ ಮೂರೂ ಹೊಲಿಗೆ ಕತ್ತರಿಸಿದೆ. "ನೀ ಹೊಡದಿದ್ದಿ ಅಣ್ಣಾ. ನಾ ತೂತು ಹೊಲದೆ." ಅವನು ಅತ್ತಿಗೆಯ ಹತ್ತಿರ ಕಡಲೆ ಕಾಳು ಕೇಳಿ ಇಸಿದುಕೊಂಡ. ಕೂದಲು ಸರಿಸಿ ಇಟ್ಟ. ಕೂತಿತು.

"ನನಗ ಕಂಡಿತ್ತು," ಅಂದ. "ಸರೀನ ಕಂಡಿತ್ತು."

ಆಮೇಲೆ ಯಾಕೆ ಎಂದು ಕೇಳಿದ. ಉಪ್ಪಿನ ಮಾತು ಹೇಳಿದೆ. "ಹಂಗ ಅಂದಿದ್ನೇನು ನಾ?" ಅಂದ. ಅವನಿಗೆ ನೆನಪೇ ಇರಲಿಲ್ಲ.

ಮಾಫ್ ಮಾಡು ಎಂದು ನಾನು ಕೇಳಲಿಲ್ಲ. ಮಾಡಿದೆ ಎಂದು ಅವನೂ ಅನ್ನಲಿಲ್ಲ. ಅತ್ತಿಗೆ ತಂದ ಚಹಾ ಮೂವರೂ ಕುಡಿದೆವು. ತೊಗಲನ್ನು ಮರುದಿನ ಇಲಾಖೆಗೆ ಒಪ್ಪಿಸಿದೆವು; ಗೋಡೆ ಈಗ ಬರಿದಾಗಿದೆ, ನನಗೆ ನಿದ್ದೆ ಬರುತ್ತಿದೆ. ಇಷ್ಟು ಹಗುರಾಗಲು ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ, ಆದರೆ ಹಗುರಾಗಿದ್ದೇನೆ.

ಆ ದಿನ ಅಣ್ಣ ನಮ್ಮನ್ನು ಬಿಡಲು ಬಸ್ ನಿಲ್ದಾಣಕ್ಕೆ ಬಂದ. ಮೂಲೆ ತಿರುಗಿ ಒಂದು ಬಸ್ಸು ಬರುತ್ತಿತ್ತು. ಬೋರ್ಡು ನನಗೆ ಬರೀ ಬಿಳಿ ಪಟ್ಟಿಯಾಗಿ ಕಂಡಿತು. ಅಣ್ಣ ಹಣೆಗೆ ಕೈ ಅಡ್ಡ ಹಿಡಿದು ಎರಡು ಹೆಜ್ಜೆ ಮುಂದೆ ಹೋದ. ಯಾರನ್ನೂ ಕೇಳಲಿಲ್ಲ.

"ಬಾಗೇವಾಡಿ ಬಸ್. ನಿಮ್ದ ಐತಿ, ಏಳ್ರಿ," ಅಂದ.

ಬಸ್ಸು ಹತ್ತಿರ ಬಂದ ಮೇಲೆ ನಾನೂ ಓದಿದೆ. ಅವನು ಹೇಳಿದ್ದು ಸರಿಯಾಗಿತ್ತು.